ನಮ್ಮ ‘ಟೈಲರಿಂಗ್ ಕ್ಲಾಸ್’ನಲ್ಲಿ ಯಾರೂ ಬಟ್ಟೆ ಹೊಲಿಯುವುದಿಲ್ಲ

ಜೈಲಿನಲ್ಲಿರುವವರ ಹೆಂಡತಿಯರದ್ದೇ ಒಂದು ವಾಟ್ಸಾಪ್ ಗುಂಪು ಇದೆ, ಅದನ್ನು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು ಅಂದರೆ ಜನರ ಮುಖ ಎರಡು ಥರ ಆಗುತ್ತದೆ. ಒಂದು, ‘ಅಯ್ಯೋ ಪಾಪ’. ಇನ್ನೊಂದು, ‘ಅಂದ್ರೆ ಕಳ್ಳರಿಗೆ, ಕೊಲೆಗಾರರಿಗೆ ಸಪೋರ್ಟಾ?’ ಮೊನ್ನೆ ಒಂದು ಗೃಹಪ್ರವೇಶದಲ್ಲಿ ಸಂಬಂಧಿಕರೊಬ್ಬರು ಎಲೆ ಮುಂದೆ ಕೂತೇ ಇದನ್ನು ಕೇಳಿಬಿಟ್ಟರು. ಪಾಯಸ ಬಡಿಸುವ ಹೊತ್ತು, ಅಲ್ಲಿ ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತೇನೆ.

ಮೊದಲು ಒಂದು ಲೆಕ್ಕ. ದೇಶದ ಅಪರಾಧ, ಜೈಲುಗಳ ಲೆಕ್ಕ ಇಡುವ ಎನ್‌ಸಿಆರ್‌ಬಿ ಪ್ರಕಾರ 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ಕು ಜನರಲ್ಲಿ ಮೂರು ಜನರ ಕೇಸಿನಲ್ಲಿ ತೀರ್ಪೇ ಬಂದಿಲ್ಲ. ಒಟ್ಟು ಕೈದಿಗಳಲ್ಲಿ ಹೆಂಗಸರು ನೂರಕ್ಕೆ ನಾಲ್ಕು ಜನ ಅಷ್ಟೇ, ಉಳಿದವರೆಲ್ಲ ಗಂಡಸರು. ಅವರ ವಯಸ್ಸು, ಓದು, ಯಾವ ಸೆಕ್ಷನ್ ಎಲ್ಲಕ್ಕೂ ಆ ವರದಿಯಲ್ಲಿ ಕಾಲಂ ಇದೆ. ಹೊರಗೆ ಮನೆ ನಡೆಸುತ್ತಿರುವ ಹೆಂಡತಿಗೆ ಕಾಲಂ ಇಲ್ಲ. ನಮ್ಮ ಗುಂಪು ಇರುವುದು ಅವಳಿಗೆ. ಒಳಗಿರುವವನ ಪರ ವಾದ ಮಾಡಲು ಲಾಯರ್ ಇದ್ದಾರೆ, ಅದು ನಮ್ಮ ಕೆಲಸ ಅಲ್ಲವೇ ಅಲ್ಲ.

ಗುಂಪಿನ ಹೆಸರು ‘ಟೈಲರಿಂಗ್ ಕ್ಲಾಸ್’. ಡಿಪಿ ಒಂದು ಹೊಲಿಗೆ ಮಷೀನು. ಯಾಕೆ ಅಂದರೆ ಫೋನು ಮಕ್ಕಳ ಕೈಗೆ ಹೋಗುತ್ತದೆ, ನಾದಿನಿ ಕೈಗೆ ಹೋಗುತ್ತದೆ, ಕೆಲಸದ ಮನೆಯ ಟೇಬಲ್ ಮೇಲೆ ಬಿದ್ದಿರುತ್ತದೆ. ‘ಜೈಲು’ ಅನ್ನುವ ಪದ ಸ್ಕ್ರೀನ್ ಮೇಲೆ ಮಿಂಚಿದರೆ ಮುಗಿಯಿತು. ಗುಂಪಿನಲ್ಲಿ ಯಾರಿಗೂ ಹೆಸರಿಲ್ಲ, ಊರಿನ ಹೆಸರಿಂದಲೇ ಕರೆಯುವುದು. ಬಳ್ಳಾರಿ ಅಕ್ಕ, ಹಾಸನ, ಹುಬ್ಬಳ್ಳಿ, ಚಿಂತಾಮಣಿ ಅಮ್ಮ. ಒಬ್ಬೊಬ್ಬರ ಗಂಡ ಒಂದೊಂದು ಕಡೆ: ಪರಪ್ಪನ ಅಗ್ರಹಾರ, ಹಿಂಡಲಗಾ, ಕಲಬುರಗಿ, ಮೈಸೂರು. ಜಾಸ್ತಿ ಮೆಸೇಜು ಬರುವುದು ರಾತ್ರಿ ಹತ್ತರ ಮೇಲೆ, ಮಕ್ಕಳು ಮಲಗಿದ ಮೇಲೆ. ಟೈಪ್ ಮಾಡಲು ಬರದವರೇ ಜಾಸ್ತಿ, ಹಾಗಾಗಿ ಎಲ್ಲ ವಾಯ್ಸ್ ಮೆಸೇಜು. ಪಕ್ಕದಲ್ಲಿ ಅತ್ತೆ ಮಲಗಿರುತ್ತಾರೆ ಅಂತ ಪಿಸುಮಾತು. ಇಯರ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿದರೇ ಅರ್ಥ ಆಗುವುದು.

ನಿಯಮ ಒಂದೇ ಗಟ್ಟಿಯಾಗಿದೆ. ‘ಅವರು ಏನು ಮಾಡಿದರು?’ ಅಂತ ಯಾರನ್ನೂ ಕೇಳುವ ಹಾಗಿಲ್ಲ. ಕೇಸಿನ ಒಳಗಿನ ವಿಷಯ ಯಾರೂ ತಾವಾಗಿಯೂ ಹೇಳುವ ಹಾಗಿಲ್ಲ. ಇದಕ್ಕೆ ಒಂದು ವ್ಯವಹಾರದ ಕಾರಣ ಇದೆ: ಸ್ಕ್ರೀನ್‌ಶಾಟ್ ಎಲ್ಲಿಗೆ ಬೇಕಾದರೂ ಹೋಗಬಹುದು, ನಾಳೆ ಅದು ಕೋರ್ಟಿಗೂ ಬರಬಹುದು. ಸಾಕ್ಷಿ ಹೇಳುವವರ ಹೆಸರನ್ನಂತೂ ಬಾಯಿಗೇ ತರಬಾರದು. ಇನ್ನೊಂದು ಕಾರಣ ನನಗೆ ನಿಧಾನಕ್ಕೆ ಗೊತ್ತಾಯಿತು. ಹೊರಗೆ ಹಾಲಿನವನಿಂದ ಹಿಡಿದು ಸ್ಕೂಲ್ ಟೀಚರ್ ತನಕ ಎಲ್ಲರೂ ಮೊದಲು ಕೇಳುವುದು ಅದನ್ನೇ. ಕೇಳದೇ ಇರುವ ಜಾಗ ಒಂದು ಸಿಕ್ಕರೆ ಹೆಂಗಸು ಆಮೇಲೆ ತನ್ನ ಬಗ್ಗೆ ಮಾತಾಡುತ್ತಾಳೆ. ಕೆಲವರ ಗಂಡಂದಿರು ನಿಜವಾಗಿ ತಪ್ಪು ಮಾಡಿದ್ದಾರೆ, ಅದು ಆ ಹೆಂಡತಿಯರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅವರಿಗೂ ಮಾರನೇ ದಿನ ಮಕ್ಕಳ ಡಬ್ಬಿಗೆ ಏನಾದರೂ ಹಾಕಬೇಕಲ್ವಾ.

ಹೊಸಬರು ಬಂದಾಗ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಯಾವಾಗಲೂ ಒಂದೇ: ‘ಅವರು ಈಗ ಎಲ್ಲಿದ್ದಾರೆ?’ ನಿಜವಾಗಿ ಗೊತ್ತಿರುವುದಿಲ್ಲ. ಸ್ಟೇಷನ್‌ನಲ್ಲೋ, ಪೊಲೀಸ್ ಕಸ್ಟಡಿಯೋ, ಜೆಸಿ, ಅಂದರೆ ನ್ಯಾಯಾಂಗ ಬಂಧನ ಆಗಿ ಜೈಲಿಗೆ ಹೋದರೋ. ಒಬ್ಬರು ಒಂದು ಹೇಳುತ್ತಾರೆ, ಇನ್ನೊಬ್ಬರು ‘ಲಾಯರ್ ಹತ್ರ ಕೇಳಮ್ಮ’ ಅನ್ನುತ್ತಾರೆ, ಲಾಯರ್ ಫೋನ್ ಎತ್ತುವುದಿಲ್ಲ. ಆಗ ಬಳ್ಳಾರಿ ಅಕ್ಕ ಶುರು ಮಾಡುತ್ತಾರೆ. ಅವರು ಓದಿದ್ದು ಏಳನೇ ಕ್ಲಾಸು. ‘ಎಫ್‌ಐಆರ್ ನಂಬರ್ ಐತೇನವ್ವಾ? ಯಾವ ಸ್ಟೇಷನ್ನು? ಯಾವ ಕೋರ್ಟಿಗೆ ಕರ್ಕೊಂಡು ಹೋದ್ರು?’ ಇಷ್ಟು ಸಿಕ್ಕರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸು ಹುಡುಕಿಕೊಡುತ್ತಾರೆ. ಪ್ರತಿ ಕೇಸಿಗೂ 16 ಅಕ್ಷರ, ಅಂಕಿಗಳ ಒಂದು ಸಿಎನ್‌ಆರ್ ನಂಬರ್ ಇರುತ್ತದೆ, ಅದನ್ನು ಒಂದು ಸಲ ಬರೆದಿಟ್ಟುಕೊಂಡರೆ ಮುಂದಿನ ಡೇಟಿಗೆ ಯಾರನ್ನೂ ಗೋಗರೆಯಬೇಕಾಗಿಲ್ಲ. ನಮ್ಮಲ್ಲಿ ಒಬ್ಬಳು ಅದನ್ನು ಗ್ಯಾಸ್ ಬುಕ್ಕಿನ ಹಿಂದೆ ಬರೆದಿಟ್ಟಿದ್ದಾಳೆ.

ಆ ಆ್ಯಪ್‌ನಲ್ಲಿ ಬರುವ ಭಾಷೆ ಬೇರೆ ಒಂದು ಕಥೆ. ‘ಎಚ್‌ಬಿಸಿ’ ಅಂತ ಬಂದರೆ ಚಾರ್ಜ್ ಹಾಕುವ ಮೊದಲಿನ ವಾದ. ‘ಎನ್‌ಬಿಡಬ್ಲ್ಯೂ’ ಅಂದರೆ ಜಾಮೀನಿಲ್ಲದ ವಾರಂಟು, ಅದನ್ನು ನೋಡಿದವರು ರಾತ್ರಿ ಒಂದು ಗಂಟೆಗೂ ಫೋನ್ ಮಾಡುತ್ತಾರೆ. ಆರೋಪಿಯನ್ನು ಹಾಜರುಪಡಿಸಿಲ್ಲ ಅಂತ ಬಂದರೆ ಅವತ್ತು ಜೈಲಿನಿಂದ ಕೋರ್ಟಿಗೆ ಕರೆತರಲೇ ಇಲ್ಲ ಅಂತ ಅರ್ಥ, ಬೆಂಗಾವಲಿಗೆ ಪೊಲೀಸರು ಸಿಕ್ಕಿರುವುದಿಲ್ಲ ಅಷ್ಟೇ ಇರಬಹುದು. ಇದು ಗೊತ್ತಿಲ್ಲದೆ ಗಂಡನಿಗೆ ಹುಷಾರಿಲ್ಲವೋ, ಒಳಗೆ ಹೊಡೆದಾಟ ಆಯಿತೋ ಅಂತ ಹೆದರಿಕೊಂಡು ಕೂತವರು ಎಷ್ಟು ಜನ.

ಕಾನೂನಿನ ವಿಷಯದಲ್ಲಿ ನಾವು ಲಾಯರ್‌ಗಳಲ್ಲ ಅಂತ ಪಿನ್ ಮಾಡಿಟ್ಟಿದ್ದೇವೆ. ಆದರೆ ಲಾಯರ್ ಹತ್ತಿರ ಹೋಗಿ ಏನು ಕೇಳಬೇಕು ಅನ್ನುವುದನ್ನು ಹೇಳಿಕೊಡುತ್ತೇವೆ. ಉದಾಹರಣೆಗೆ 60 ದಿನ, 90 ದಿನದ ಲೆಕ್ಕ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ, ಅದಕ್ಕಿಂತ ಜಾಸ್ತಿ ಶಿಕ್ಷೆಯ ಕೇಸಾದರೆ 90 ದಿನ, ಬೇರೆಯದಾದರೆ 60. ಅಷ್ಟರಲ್ಲಿ ಪೊಲೀಸರು ಚಾರ್ಜ್‌ಶೀಟ್ ಹಾಕದಿದ್ದರೆ ಬೇಲ್ ಕೇಳುವುದು ಆರೋಪಿಯ ಹಕ್ಕು. ಆದರೆ ಕೇಳಬೇಕು. ಅರ್ಜಿ ಹಾಕುವ ಮೊದಲೇ ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಹೋಯಿತು. ಹಾಗಾಗಿ ನಮ್ಮಲ್ಲಿ ಹೊಸಬರಿಗೆ ಮೊದಲ ಕೆಲಸ, ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ತಾರೀಕಿಗೆ ಒಂದು ಚುಕ್ಕೆ ಇಡುವುದು. ಏಕಾದಶಿ, ಸಂಕಷ್ಟಿ ಪಕ್ಕದಲ್ಲಿ ಅದೂ ಒಂದು.

2024ರ ಜುಲೈ 1ರಿಂದ ಬಂದ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಬಗ್ಗೆ ಗುಂಪಿನಲ್ಲಿ ಆದಷ್ಟು ಮಾತು ಬೇರೆ ಯಾವುದರ ಬಗ್ಗೆಯೂ ಆಗಿಲ್ಲ. ಆ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣೆಯಲ್ಲೇ ಜೈಲಿನಲ್ಲಿ ಕಳೆದಿದ್ದರೆ ಬಿಡುಗಡೆ ಕೇಳಬಹುದು, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗದವರಾದರೆ ಮೂರನೇ ಒಂದು ಭಾಗ ಸಾಕು. ಹಳೇ ಕೇಸುಗಳಿಗೂ ಇದು ಅನ್ವಯ ಅಂತ ಅದೇ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅವತ್ತು ರಾತ್ರಿ ಗುಂಪಿನಲ್ಲಿ ಹಬ್ಬ. ಮಾರನೇ ದಿನ ಒಬ್ಬೊಬ್ಬರಿಗೇ ನಿರಾಸೆ. ಜೀವಾವಧಿ ಶಿಕ್ಷೆಯ ಸೆಕ್ಷನ್ ಇದ್ದರೆ ಇದು ಇಲ್ಲ. ಒಂದಕ್ಕಿಂತ ಜಾಸ್ತಿ ಕೇಸಿದ್ದರೂ ಇಲ್ಲ. ಚಿಂತಾಮಣಿ ಅಮ್ಮನ ಗಂಡನಿಗೆ ಎರಡನೇ ಕೇಸೊಂದು ಇತ್ತು. ಅದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿ ಬಂದಿದ್ದು ನನಗೆ. ಅವರು ಕೇಳಿಸಿಕೊಂಡು, ‘ಹೋಗ್ಲಿ ಬಿಡಮ್ಮ, ಟೊಮೆಟೊಗೆ ರೇಟು ಬಂದಿದೆ, ನಾಳೆ ಬೆಳಗ್ಗೆ ಬೇಗ ಏಳಬೇಕು’ ಅಂದರು.

ಬೇಲ್ ಸಿಕ್ಕಿತು ಅಂದರೆ ಮನೆಗೆ ಬಂದರು ಅಂತಲ್ಲ. ಇದನ್ನು ಹೊರಗಿನವರಿಗೆ ತಿಳಿಸುವುದು ಕಷ್ಟ. ಶ್ಯೂರಿಟಿ ಬೇಕು. ಶ್ಯೂರಿಟಿ ಅಂದರೆ ಪಹಣಿ ಇರುವ ಮನುಷ್ಯ ಆಧಾರ್ ಹಿಡಿದುಕೊಂಡು ಕೋರ್ಟಿಗೆ ಬಂದು ಜಡ್ಜ್ ಮುಂದೆ ನಿಲ್ಲಬೇಕು. ನೆಂಟರಿಷ್ಟರ ನಿಜವಾದ ಬಣ್ಣ ತಿಳಿಯುವುದು ಇಲ್ಲೇ. ಮದುವೆಯಲ್ಲಿ ಮುಂದೆ ನಿಂತು ಓಡಾಡಿದ ಚಿಕ್ಕಪ್ಪನಿಗೆ ಇದ್ದಕ್ಕಿದ್ದಂತೆ ಬೆನ್ನು ನೋವು ಶುರುವಾಗುತ್ತದೆ. ‘ಜಮೀನು ಹೋಗಿಬಿಡುತ್ತೆ’ ಅನ್ನುವ ಭಯ ಎಲ್ಲರಿಗೂ. ಆರೋಪಿ ತಪ್ಪಿಸಿಕೊಂಡು ಹೋದರೆ ಬಾಂಡಿನಲ್ಲಿ ಬರೆದಷ್ಟು ದುಡ್ಡಿಗೆ ಶ್ಯೂರಿಟಿ ಹೊಣೆ, ಡೇಟಿಗೆ ಸರಿಯಾಗಿ ಬರುತ್ತಿದ್ದರೆ ಜಮೀನಿಗೆ ಏನೂ ಆಗುವುದಿಲ್ಲ. ಇದನ್ನು ಶಾಂತವಾಗಿ ಹೇಳುವ ಒಂದು ವಾಯ್ಸ್ ಮೆಸೇಜ್ ಹಾಸನದವಳು ಮಾಡಿಟ್ಟಿದ್ದಾಳೆ, ಅದನ್ನು ಎಲ್ಲರೂ ತಮ್ಮ ತಮ್ಮ ಮಾವಂದಿರಿಗೆ ಫಾರ್ವರ್ಡ್ ಮಾಡುತ್ತಾರೆ. ಅವಳು ಟೀಚರ್ ಆಗಬೇಕಿತ್ತು.

ಶ್ಯೂರಿಟಿ ಸಿಗದೆ ಒಳಗೇ ಉಳಿದವರಿಗೆ 2023ರಲ್ಲಿ ಸುಪ್ರೀಂ ಕೋರ್ಟ್ ಒಂದು ದಾರಿ ಹೇಳಿದೆ. ಬೇಲ್ ಆಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಅದೇ ವರ್ಷ ಕೇಂದ್ರದ ಒಂದು ಯೋಜನೆಯೂ ಬಂತು, ಬೇಲ್ ಹಣ ಕಟ್ಟಲಾಗದ ಬಡವರಿಗೆ ದುಡ್ಡಿನ ಸಹಾಯ ಸಿಗುತ್ತದೆ. ಕಾಗದದ ಮೇಲೆ ಎಲ್ಲ ಇದೆ. ತಾನಾಗಿ ಆಗುತ್ತದೆ ಅಂತ ಕಾಯಬೇಡಿ, ಕೋರ್ಟ್ ಆವರಣದಲ್ಲೇ ಇರುವ ಪ್ರಾಧಿಕಾರದ ಆಫೀಸಿಗೆ ಹೋಗಿ ಬರಹದಲ್ಲಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ ಅಂತ ನಾವು ಹೇಳುವುದು. ಹೋಗಲಾಗದವರು 15100ಕ್ಕೆ ಫೋನ್ ಮಾಡಬಹುದು. ಜೈಲಿನಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ಲಾಯರ್ ಸಿಗಬೇಕು, ಅದು 1987ರ ಕಾನೂನು. ‘ಫ್ರೀ ಲಾಯರ್ ಇಟ್ಟರೆ ಕೇಸ್ ಕೆಟ್ಟುಹೋಗುತ್ತೆ’ ಅನ್ನುವ ನಂಬಿಕೆ ಮಾತ್ರ ಯಾರೂ ಬಿಡುವುದಿಲ್ಲ. ಒಡವೆ ಅಡವಿಟ್ಟು ಲಾಯರ್ ಹಿಡಿದು, ಆಮೇಲೆ ಅವರ ಜೂನಿಯರ್‌ನ ಜೂನಿಯರ್ ಬಂದು ಡೇಟ್ ತಗೊಂಡು ಹೋಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಭೇಟಿ. ಇ-ಮುಲಾಕಾತ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಬಹುದು, ಒಟಿಪಿ ಬರುತ್ತದೆ, ವಿಡಿಯೋದಲ್ಲಿ ಮಾತಾಡುವುದೂ ಇದೆ. ಬರುವುದಿಲ್ಲ ಅನ್ನುವವರಿಗೆ ಇನ್ನೊಬ್ಬರು ಮಾಡಿಕೊಡುತ್ತೇವೆ. ಆದರೆ ಎದುರಿಗೆ ನೋಡಬೇಕು ಅಂತ ಎಲ್ಲರಿಗೂ ಆಸೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇದು ನಿಜವಾಗಿಯೂ ಸುಲಭ ಆಗಿದೆ. ಫ್ರೀ ಬಸ್ಸು ಅಂತ ಟಿವಿಯಲ್ಲಿ ನಗುವವರು ನಗಲಿ. ಗಂಡನನ್ನು ಇದ್ದಕ್ಕಿದ್ದಂತೆ ಬೇರೆ ಜಿಲ್ಲೆಯ ಜೈಲಿಗೆ ಹಾಕಿದಾಗ, ಕೂಲಿ ಮಾಡುವ ಹೆಂಗಸು ಟಿಕೆಟ್ ದುಡ್ಡಿಲ್ಲದೆ ಹೋಗಿಬರುತ್ತಾಳೆ. ಐಷಾರಾಮಿ ಬಸ್ಸಿಗೆ ಹತ್ತಬೇಡಿ, ಸಾಮಾನ್ಯ ಬಸ್ಸಿಗೇ ಕಾಯಿರಿ, ಆಧಾರ್ ಮರೆಯಬೇಡಿ, ಇದು ಗುಂಪಿನಲ್ಲಿ ವಾರಕ್ಕೊಮ್ಮೆಯಾದರೂ ಬರುವ ಮಾತು.

ಭೇಟಿಗೆ ಹೋಗುವಾಗ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅಂತ ಹೊಸಬರಿಗೆ ಹೇಳುತ್ತೇವೆ. ಜಾಲರಿಯ ಈಚೆ ನಿಂತಾಗ, ಅಕ್ಕಪಕ್ಕ ಎಲ್ಲರೂ ಒಟ್ಟಿಗೆ ಕೂಗಾಡುವಾಗ, ತಲೆ ಖಾಲಿ ಆಗಿಬಿಡುತ್ತದೆ. ಮೊದಲು ಲಾಯರ್ ವಿಷಯ. ಆಮೇಲೆ ದುಡ್ಡು. ಆಮೇಲೆ ಮಕ್ಕಳು. ಅಳುವುದಿದ್ದರೆ ಕೊನೆಗೆ. ಇನ್ನೊಂದು ಸಣ್ಣ ವಿಷಯ: ಒಳಗೆ ಬಿಡುವಾಗ ಕೈ ಮೇಲೆ ಒಂದು ಸೀಲು ಹೊಡೆಯುತ್ತಾರೆ. ನೇರಳೆ ಇಂಕು. ಸೋಪಿನಲ್ಲಿ ತೊಳೆದರೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಅದೇ ಕೈಯಲ್ಲಿ ಸಂಜೆ ಮಗುವನ್ನು ಟ್ಯೂಷನ್‌ನಿಂದ ಕರೆದುಕೊಂಡು ಬರಬೇಕು. ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಹತ್ತಿಯಲ್ಲಿ ಒರೆಸಿದರೆ ಹೋಗುತ್ತದೆ. ಇದನ್ನು ಕಂಡುಹಿಡಿದದ್ದು ಹುಬ್ಬಳ್ಳಿಯವಳು. ಈಗ ಎಲ್ಲರ ಬ್ಯಾಗಿನಲ್ಲೂ ಚಿಕ್ಕ ಎಣ್ಣೆ ಬಾಟಲಿ ಇರುತ್ತದೆ. 2024ರಲ್ಲಿ ಒಬ್ಬ ದೊಡ್ಡ ನಟ ಒಳಗೆ ಹೋದಾಗ ಅಭಿಮಾನಿಗಳು ಅವರ ಕೈದಿ ನಂಬರನ್ನು ಗಾಡಿಗಳ ಮೇಲೆ ಹಾಕಿಸಿಕೊಂಡು ಮೆರೆದರು. ನಾವು ಒಂದು ಸೀಲು ಅಳಿಸಲು ಇಷ್ಟು ಒದ್ದಾಡುತ್ತೇವೆ. ಅದನ್ನು ನೋಡಿ ಗುಂಪಿನಲ್ಲಿ ಯಾರೂ ನಗಲಿಲ್ಲ, ಬೈದವರು ಜಾಸ್ತಿ.

ಗುಂಪು ಅತಿ ಜಾಸ್ತಿ ಗಿಜಿಗುಡುವುದು ಭೀಮನ ಅಮಾವಾಸ್ಯೆ ದಿನ. ಗಂಡನ ಪಾದ ತೊಳೆದು ಪೂಜೆ ಮಾಡುವ ಹಬ್ಬ, ಗಂಡ ಮನೆಯಲ್ಲಿಲ್ಲ. ಅತ್ತೆಗೆ ಹೇಗಿದ್ದರೂ ಪೂಜೆ ಆಗಲೇಬೇಕು. ಕೆಲವರು ಫೋಟೋ ಇಟ್ಟು ಮಾಡುತ್ತಾರೆ, ಕೆಲವರಿಗೆ ಬದುಕಿರುವವರ ಫೋಟೋಗೆ ಹೂವು ಹಾಕಲು ಮನಸ್ಸು ಬರುವುದಿಲ್ಲ. ಒಬ್ಬಳು, ‘ಅವರು ಕಾಲು ಕೊಟ್ಟು ಒದ್ದಿದ್ದೇ ನೆನಪು, ನಾನು ಈ ಸಲ ಮಾಡಲ್ಲ’ ಅಂದಳು. ಅದಕ್ಕೆ ಬಂದ ಉತ್ತರಗಳೆಲ್ಲ ‘ಮಾಡಬೇಡ ಬಿಡು’. ಅಣ್ಣತಮ್ಮಂದಿರು ಬಂದು ಹೊಸ್ತಿಲ ಮೇಲೆ ಮೊಣಕೈಯಿಂದ ಭಂಡಾರ ಒಡೆಯಬೇಕು. ಹಾಸನದವಳ ತಮ್ಮ ಕೇಸಾದ ಮೇಲೆ ಅವಳ ಮನೆ ಕಡೆ ತಲೆ ಹಾಕಿಲ್ಲ. ಅವಳ ಒಂಬತ್ತು ವರ್ಷದ ಮಗನೇ ಒಡೆದ. ಕಡುಬಿನೊಳಗಿನ ನಾಣ್ಯ ಹಾರಿ ಮಂಚದ ಕೆಳಗೆ ಹೋಗಿ, ಅವನು ಹೊಟ್ಟೆ ಮೇಲೆ ತೆವಳಿ ಹುಡುಕುತ್ತಿರುವ ವಿಡಿಯೋ ಹಾಕಿದ್ದಳು. ಹುಬ್ಬಳ್ಳಿಯವಳ ವಾಯ್ಸ್ ಬಂತು: ‘ನಮ್ಮಲ್ಲಿ ಇದೆಲ್ಲ ಇಲ್ಲ ನೋಡ್ರಿ, ಆದ್ರ ಕಡುಬು ಉಳಿದ್ರ ಈ ಕಡೆ ಕಳಸ್ರಿ.’

ಎಲ್ಲ ಹೀಗೆ ಚೆನ್ನಾಗಿಯೇ ಇದೆ ಅಂತ ಅಂದುಕೊಳ್ಳಬೇಡಿ. ಬ್ರೋಕರ್‌ಗಳು ನುಗ್ಗುತ್ತಾರೆ. ‘ನನಗೆ ಒಳಗೆ ಎಲ್ಲರೂ ಗೊತ್ತು, ದುಡ್ಡು ಕಳಿಸಿ, ಒಳ್ಳೆ ಬ್ಯಾರಕ್ ಕೊಡಿಸ್ತೀನಿ’ ಅಂತ ಪರ್ಸನಲ್ ಆಗಿ ಮೆಸೇಜ್ ಮಾಡುತ್ತಾರೆ. ಆಮೇಲೆ ನಂಬರ್ ಸ್ವಿಚ್ ಆಫ್. ಅದಕ್ಕೇ ಈಗ ಗುಂಪಿನೊಳಗೆ ಸಾಲ ಕೇಳುವುದು, ಕೊಡುವುದು, ಲಾಯರ್ ನಂಬರ್ ಹಂಚುವುದು ಎಲ್ಲ ನಿಲ್ಲಿಸಿದ್ದೇವೆ. ಹೊಸಬರನ್ನು ಸೇರಿಸುವ ಮೊದಲು ಇಬ್ಬರು ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತೇವೆ. ಮತ್ತೆ, ಕೆಲವು ರಾತ್ರಿ ಬರುವ ಮೆಸೇಜು ನಮ್ಮ ಕೈ ಮೀರಿದ್ದು. ‘ಇನ್ನು ಸಾಕಾಗಿದೆ’ ಅನ್ನುವ ಧ್ವನಿ ಬಂದರೆ ಹತ್ತಿರದ ಊರಿನವರು ತಕ್ಷಣ ಫೋನ್ ಮಾಡಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ನಂಬರ್ ಕೊಡಬೇಕು, ಅವರು ಕನ್ನಡದಲ್ಲೇ ಮಾತಾಡುತ್ತಾರೆ. ಅವಳು ಅಲ್ಲಿಗೆ ಮಾತಾಡಿದಳು ಅಂತ ಗೊತ್ತಾಗುವವರೆಗೆ ಲೈನಿನಲ್ಲಿ ಇರಬೇಕು. ಇಂಗ್ಲೆಂಡಿನಲ್ಲಿ ಕೈದಿಗಳ ಮನೆಯವರಿಗೆ ಅಂತಲೇ ಒಂದು ಸಹಾಯವಾಣಿ ಇದೆಯಂತೆ, ಹೊಸ ಕಾನೂನಿಗಿಂತ ಅಂಥದ್ದೊಂದು ಇಲ್ಲಿ ಆದರೆ ನನಗೆ ಜಾಸ್ತಿ ಖುಷಿ.

ದೊಡ್ಡ ಜಗಳ ಆಗಿದ್ದು ಒಬ್ಬಳು ಡೈವೋರ್ಸ್ ವಿಷಯ ಎತ್ತಿದಾಗ. ಗಂಡನಿಗೆ ಹತ್ತು ವರ್ಷ ಶಿಕ್ಷೆ ಆಗಿತ್ತು. ‘ನಾನು ಕಾಯಲ್ಲ’ ಅಂದಳು ಅಷ್ಟೇ. ರಾತ್ರಿಯಿಡೀ ವಾಯ್ಸ್ ಮೆಸೇಜು. ಕಾಯುತ್ತಿರುವವರಿಗೆ ಅದು ತಮಗೇ ಹೊಡೆದ ಹಾಗೆ ಕೇಳಿಸಿತು ಅಂತ ಕಾಣುತ್ತದೆ. ನಾಲ್ಕು ಜನ ಗುಂಪು ಬಿಟ್ಟರು, ಇಬ್ಬರು ವಾಪಸ್ ಬಂದರು. ಕಾನೂನು ಕೂಡ ಇಲ್ಲಿ ಒಂದೊಂದು ಕಡೆ ಒಂದೊಂದು ಥರ. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಆದವರು, ಏಳು ವರ್ಷ ಅಥವಾ ಜಾಸ್ತಿ ಶಿಕ್ಷೆ ಆದರೆ ಅದೇ ಕಾರಣಕ್ಕೆ ವಿಚ್ಛೇದನ ಕೇಳಬಹುದು. ಮುಸ್ಲಿಂ ಹೆಂಗಸರಿಗೆ 1939ರ ಕಾಯ್ದೆಯಲ್ಲೇ ಏಳು ವರ್ಷದ ಕಾರಣ ಇದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಅಂಥ ಕಾರಣವೇ ಇಲ್ಲ, ಕ್ರೌರ್ಯವೋ ಇನ್ನೊಂದೋ ತೋರಿಸಬೇಕು. ಇವಳಿಗೆ ಆ ದಾರಿಯೇ. ನನ್ನ ಅಭಿಪ್ರಾಯ ಅವತ್ತೂ ಹೇಳಿದ್ದೆ, ಈಗಲೂ ಅದೇ: ಗುಂಪು ಹೆಂಡತಿಯರಿಗೆ, ಮದುವೆ ಉಳಿಸುವುದಕ್ಕಲ್ಲ. ಅವಳು ಈಗಲೂ ಗುಂಪಿನಲ್ಲಿದ್ದಾಳೆ. ಶ್ಯೂರಿಟಿ ಕಾಗದದ ವಿಷಯ ಯಾರಾದರೂ ಕೇಳಿದರೆ ಮೊದಲು ಉತ್ತರ ಬರುವುದು ಅವಳಿಂದ.

ಗಂಡ ಹೊರಗೆ ಬಂದ ಮೇಲೆ ಕೆಲವರು ಸದ್ದಿಲ್ಲದೆ ಎಕ್ಸಿಟ್ ಆಗುತ್ತಾರೆ. ಬೇಜಾರಿಲ್ಲ. ಕೆಲವರು ಉಳಿಯುತ್ತಾರೆ, ಯಾಕೆಂದರೆ ಬಂದವರು ಲೈಟ್ ಹಾಕಿಕೊಂಡೇ ಮಲಗುತ್ತಾರೆ, ಸಣ್ಣ ಸದ್ದಿಗೆ ಎದ್ದು ಕೂರುತ್ತಾರೆ, ಸ್ಟೇಷನ್‌ಗೆ ಸಹಿ ಹಾಕಲು ಹೋಗುವ ದಿನ ಊಟ ಬಿಡುತ್ತಾರೆ. ಕೆಲಸ ಯಾರೂ ಕೊಡುವುದಿಲ್ಲ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಸದ್ಯ ಗುಂಪಿನಲ್ಲಿ ನಡೆಯುತ್ತಿರುವ ಚರ್ಚೆ ಒಬ್ಬ ಗಂಡಸಿನದ್ದು. ತುಮಕೂರು ಕಡೆ ಆಟೋ ಓಡಿಸುವವರು. ಅವರ ಹೆಂಡತಿ ಒಳಗಿದ್ದಾರೆ. ಆರು ವರ್ಷದವರೆಗೆ ಮಗು ತಾಯಿಯ ಜೊತೆ ಜೈಲಿನಲ್ಲಿ ಇರಬಹುದು, 2006ರಲ್ಲೇ ಸುಪ್ರೀಂ ಕೋರ್ಟ್ ಇದರ ಬಗ್ಗೆ ನಿಯಮ ಹಾಕಿಕೊಟ್ಟಿದೆ. ಇವರ ಚಿಕ್ಕ ಮಗಳಿಗೆ ಮೂರು ವರ್ಷ. ಅಲ್ಲೇ ಬಿಡುವುದೋ, ಮನೆಗೆ ಕರೆತಂದು ಅಕ್ಕನ ಹತ್ತಿರ ಇಡುವುದೋ ಅಂತ ಯಾರನ್ನಾದರೂ ಕೇಳಬೇಕಿತ್ತು, ಯಾರ ಮೂಲಕವೋ ನನ್ನ ನಂಬರ್ ಸಿಕ್ಕಿತು. ಗುಂಪಿಗೆ ಸೇರಿಸಿಕೊಳ್ಳೋಣ ಅಂತ ನಾನು ಅಂದೆ. ಬಳ್ಳಾರಿ ಅಕ್ಕ, ‘ಗಂಡಸರು ಬಂದ್ರ ನಾ ಹೊಂಟೆ’ ಅಂದಿದ್ದಾರೆ. ಅವರ ಮಾತಿನಲ್ಲೂ ಅರ್ಥ ಇದೆ, ರಾತ್ರಿ ಹತ್ತರ ಮೇಲೆ ಬಾಯಿ ಬಿಡುವ ಹೆಂಗಸರು ಗಂಡಸಿನ ಹೆಸರು ನೋಡಿದರೆ ಸುಮ್ಮನಾಗಿಬಿಡುತ್ತಾರೆ. ಇನ್ನೂ ತೀರ್ಮಾನ ಆಗಿಲ್ಲ. ಅಲ್ಲಿಯವರೆಗೆ ಅವರ ಪ್ರಶ್ನೆ ನನ್ನ ನಂಬರಿಗೆ ಬರುತ್ತದೆ, ನಾನು ಗುಂಪಿಗೆ ಹಾಕುತ್ತೇನೆ, ಬಂದ ಉತ್ತರವನ್ನು ವಾಪಸ್ ಕಳಿಸುತ್ತೇನೆ. ನಿನ್ನೆಯ ಉದ್ದದ ಉತ್ತರ ಬಳ್ಳಾರಿ ಅಕ್ಕನದೇ ಆಗಿತ್ತು.